ವಿಂಡೋಸ್ ಜೊತೆ ಬಂದ ಬ್ರೌಸರ್: ಕೋರ್ಟಿನ ಜಗಳ ನಡೆದದ್ದು ಯಾವುದರ ಮೇಲೆ

1997ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಒಂದು ತಾತ್ಕಾಲಿಕ ಆದೇಶ ಕೊಟ್ಟರು. ವಿಂಡೋಸ್ 95 ಬೇಕೆನ್ನುವ ಕಂಪ್ಯೂಟರ್ ತಯಾರಕರಿಗೆ ತನ್ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೂ ತೆಗೆದುಕೊಳ್ಳಲೇಬೇಕು ಎಂದು ಮೈಕ್ರೋಸಾಫ್ಟ್ ಷರತ್ತು ಹಾಕುವಂತಿಲ್ಲ ಎಂಬುದು ಅದರ ತಿರುಳು. ಮೈಕ್ರೋಸಾಫ್ಟ್ ಆಗ ತಯಾರಕರ ಮುಂದೆ ಮೂರು ದಾರಿ ಇಟ್ಟಿತು: ಎಕ್ಸ್‌ಪ್ಲೋರರ್ ಇರುವ ಈಗಿನ ವಿಂಡೋಸ್, ಎಕ್ಸ್‌ಪ್ಲೋರರ್ ಇಲ್ಲದ ಹಳೆಯ ಕಾಲದ ವಿಂಡೋಸ್, ಇಲ್ಲವೇ ಎಕ್ಸ್‌ಪ್ಲೋರರಿನ ಕಡತಗಳನ್ನೆಲ್ಲ ಅಳಿಸಿದ, ಹಾಗಾಗಿ ಬೂಟ್ ಕೂಡ ಆಗದ ವಿಂಡೋಸ್. ಜಾಕ್ಸನ್ ಅದನ್ನು ಒಪ್ಪಲಿಲ್ಲ. ಕೋರ್ಟಿನ ಒಂದು ಕಂಪ್ಯೂಟರಿನಲ್ಲಿ ಆಡ್/ರಿಮೂವ್ ಪ್ರೋಗ್ರಾಮ್ಸ್ ತೆರೆಸಿ ಎಕ್ಸ್‌ಪ್ಲೋರರನ್ನು ತೆಗೆಸಿ ನೋಡಿದರು. 90 ಸೆಕೆಂಡಿನೊಳಗೆ ಕೆಲಸ ಮುಗಿಯಿತು, ವಿಂಡೋಸ್ ಚೆನ್ನಾಗಿಯೇ ನಡೆಯುತ್ತಿತ್ತು.

ಕಡತಗಳನ್ನು ಅಳಿಸಿದರೆ ವಿಂಡೋಸ್ ಏಳುವುದಿಲ್ಲ ಎಂದ ಮೈಕ್ರೋಸಾಫ್ಟ್ ಸುಳ್ಳು ಹೇಳಿರಲಿಲ್ಲ. ಒಂದೂವರೆ ನಿಮಿಷದಲ್ಲಿ ತೆಗೆಯಬಹುದು ಎಂದ ನ್ಯಾಯಾಧೀಶರೂ ತಪ್ಪಾಗಿರಲಿಲ್ಲ. ಇದು ಹೇಗೆ ಸಾಧ್ಯ ಎಂದು ಗೊತ್ತಾಗಬೇಕಾದರೆ ಎಕ್ಸ್‌ಪ್ಲೋರರಿನ ಒಳಗೆ ಏನಿತ್ತು ಎಂದು ನೋಡಬೇಕು.

ನಾವು ಕ್ಲಿಕ್ ಮಾಡುತ್ತಿದ್ದ ಐಎಕ್ಸ್‌ಪ್ಲೋರ್ ಎಂಬ ಪ್ರೋಗ್ರಾಂ ತೀರಾ ಸಣ್ಣದು. ಒಂದು ವಿಂಡೋ ತೆರೆದು ಉಳಿದ ಕೆಲಸವನ್ನು ಡಿಎಲ್‌ಎಲ್, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ, ಕಡತಗಳಿಗೆ ಒಪ್ಪಿಸುವುದಷ್ಟೇ ಅದರ ಪಾಲು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಓದಿ ಪುಟವನ್ನು ಪರದೆಯ ಮೇಲೆ ಮೂಡಿಸುತ್ತಿದ್ದದ್ದು ಎಂಎಸ್‌ಎಚ್‌ಟಿಎಂಎಲ್ ಎಂಬ ಡಿಎಲ್‌ಎಲ್. ಲಿಂಕ್ ಒತ್ತಿದಾಗ ಮುಂದಿನ ಪುಟಕ್ಕೆ ಹೋಗುವುದು, ಹಿಂದಕ್ಕೆ ಬರುವುದು ಎಲ್ಲ ಎಸ್‌ಎಚ್‌ಡಾಕ್‌ವಿಡಬ್ಲ್ಯು ಎಂಬ ಇನ್ನೊಂದು ಡಿಎಲ್‌ಎಲ್‌ನ ಕೆಲಸ. ಎಕ್ಸ್‌ಪ್ಲೋರರ್ 4 ಮತ್ತು ವಿಂಡೋಸ್ 98ರ ಹೊತ್ತಿಗೆ ಫೋಲ್ಡರ್ ತೋರಿಸುವ ವಿಂಡೋ, ಹೆಲ್ಪ್ ಪುಟಗಳು, ಬೇರೆ ಕಂಪನಿಗಳ ಸಾಫ್ಟ್‌ವೇರ್ ಎಲ್ಲವೂ ಇದೇ ಡಿಎಲ್‌ಎಲ್‌ಗಳನ್ನು ಕರೆಯುತ್ತಿದ್ದವು. ಡಿಎಲ್‌ಎಲ್ ಅಳಿಸಿದರೆ ಅವೆಲ್ಲ ನಿಲ್ಲುತ್ತವೆ. ಐಕಾನ್, ಸ್ಟಾರ್ಟ್ ಮೆನುವಿನ ಸಾಲು ಮತ್ತು ಆ ಸಣ್ಣ ಪ್ರೋಗ್ರಾಂ ಮಾತ್ರ ತೆಗೆದರೆ ಯಾವುದಕ್ಕೂ ತೊಂದರೆಯಿಲ್ಲ, ಬಳಕೆದಾರನ ಕಣ್ಣಿಗೆ ಬ್ರೌಸರೂ ಇಲ್ಲ. ಪುಟ ಮೂಡಿಸುವ ಎಂಜಿನ್ ಬೇರೆ, ಆ ಎಂಜಿನ್ನಿಗೆ ಹಾಕಿದ ಬಾಗಿಲು ಬೇರೆ. ಮುಂದಿನ ಇಪ್ಪತ್ತೈದು ವರ್ಷಗಳ ಎಲ್ಲ ವ್ಯಾಜ್ಯಗಳಲ್ಲೂ ಈ ಎರಡನ್ನು ಬೇರೆಬೇರೆಯಾಗಿ ನೋಡಿದವರಿಗಷ್ಟೇ ಸರಿಯಾದ ದಾರಿ ಕಂಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ತಾತ್ಕಾಲಿಕ ಆದೇಶ ಉಳಿಯಲಿಲ್ಲ. 1998ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅಷ್ಟರೊಳಗೆ, 1998ರ ಮೇ 18ರಂದು, ಅಮೆರಿಕದ ನ್ಯಾಯ ಇಲಾಖೆ ಮತ್ತು 20 ರಾಜ್ಯಗಳು ಏಕಸ್ವಾಮ್ಯ ತಡೆಯುವ ಷರ್ಮನ್ ಕಾಯ್ದೆಯಡಿ ಹೊಸದಾಗಿ ದೊಡ್ಡ ಮೊಕದ್ದಮೆ ಹೂಡಿದ್ದವು. ಎಲ್ಲರಿಗೂ ನೆನಪಿರುವುದು ಇದೇ. ಬಿಲ್ ಗೇಟ್ಸ್ ಹೇಳಿಕೆಯ ವೀಡಿಯೊ, ಸರ್ಕಾರದ ವಕೀಲ ಡೇವಿಡ್ ಬೋಯ್ಸ್, ಕೊನೆಗೆ ಕಂಪನಿಯನ್ನು ಎರಡಾಗಿ ಒಡೆಯಬೇಕೆಂಬ ಆದೇಶ. ಪತ್ರಿಕೆಗಳ ಮುಖಪುಟಕ್ಕೆ ಅಷ್ಟು ಸಾಕಾಯಿತು. ಆದರೆ 1999ರ ನವೆಂಬರ್ 5ರಂದು ಜಾಕ್ಸನ್ ಬರೆದ 412 ಪ್ಯಾರಾಗಳ ಸತ್ಯಾಂಶ ನಿರ್ಣಯವನ್ನು ಓದಿದರೆ, ಅದರ ಜೀವಾಳ ಕಂಪ್ಯೂಟರ್ ತಯಾರಕರ ಲೆಕ್ಕಾಚಾರದಲ್ಲಿದೆ.

ಗ್ಯಾಸ್ ಕನೆಕ್ಷನ್ ಬೇಕಿದ್ದರೆ ಸ್ಟೋವನ್ನೂ ನಮ್ಮಲ್ಲೇ ಕೊಳ್ಳಿ ಎನ್ನುವ ಏಜೆನ್ಸಿಯನ್ನು ನೆನಪಿಸಿಕೊಳ್ಳಿ. ಇನ್ನೊಂದು ಸ್ಟೋವ್ ಕೊಳ್ಳಬೇಡಿ ಎಂದು ಅದು ಹೇಳುವುದಿಲ್ಲ, ಆದರೆ ಒಂದಕ್ಕೆ ದುಡ್ಡು ಕೊಟ್ಟ ಮೇಲೆ ಎರಡನೆಯದನ್ನು ಯಾರೂ ಕೊಳ್ಳುವುದಿಲ್ಲ. ಎಕ್ಸ್‌ಪ್ಲೋರರ್ ಉಚಿತವಾಗಿತ್ತಲ್ಲ, ಇನ್ನೇನು ತೊಂದರೆ ಎಂದು ಆಗ ತುಂಬ ಜನ ಕೇಳಿದರು. ಬಳಕೆದಾರನಿಗೆ ಉಚಿತವಾಗಿತ್ತು, ತಯಾರಕನಿಗೆ ಹಾಗಿರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಎರಡು ಬ್ರೌಸರ್ ಇಟ್ಟರೆ ಎರಡನ್ನೂ ಪರೀಕ್ಷಿಸಬೇಕು. ಹೊಸದಾಗಿ ಕಂಪ್ಯೂಟರ್ ಕೊಂಡವರಿಗೆ ಎರಡು ಐಕಾನ್ ಕಂಡರೆ ಯಾವುದನ್ನು ಒತ್ತಬೇಕೆಂದು ಗೊತ್ತಾಗದೆ ಸಹಾಯವಾಣಿಗೆ ಫೋನ್ ಮಾಡುತ್ತಾರೆ. ಆಗಿನ ಪಿಸಿ ಮಾರಾಟದಲ್ಲಿ ಲಾಭ ಎಷ್ಟು ತೆಳ್ಳಗಿತ್ತೆಂದರೆ ಮೂರು ಫೋನ್ ಕರೆಗಳ ಖರ್ಚಿನಲ್ಲಿ ಅದು ಮುಗಿದುಹೋಗುತ್ತಿತ್ತು. ಹಾಗಾಗಿ ಎಕ್ಸ್‌ಪ್ಲೋರರನ್ನು ತೆಗೆಯುವ ಹಾಗಿಲ್ಲ ಎಂದಾದ ಕ್ಷಣದಲ್ಲೇ ಪೈಪೋಟಿಯ ಬ್ರೌಸರ್ ನೆಟ್‌ಸ್ಕೇಪ್ ನ್ಯಾವಿಗೇಟರ್ ಇಡುವ ಆಸೆ ತಯಾರಕನಿಗೆ ಹೋಗುತ್ತಿತ್ತು. ನೆಟ್‌ಸ್ಕೇಪ್ ಹೆಸರನ್ನು ಕರಾರಿನಲ್ಲಿ ಎತ್ತುವ ಅಗತ್ಯವೇ ಇರಲಿಲ್ಲ.

ಕಾಂಪ್ಯಾಕ್ ಇದನ್ನು ಪರೀಕ್ಷಿಸಿ ನೋಡಿತು. 1996ರಲ್ಲಿ ತನ್ನ ಪ್ರೆಸಾರಿಯೋ ಕಂಪ್ಯೂಟರ್‌ಗಳ ಡೆಸ್ಕ್‌ಟಾಪಿನಿಂದ ಎಕ್ಸ್‌ಪ್ಲೋರರ್ ಮತ್ತು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸೇವೆ ಎಂಎಸ್‌ಎನ್‌ನ ಐಕಾನ್‌ಗಳನ್ನು ತೆಗೆದಿತ್ತು. ವಿಂಡೋಸ್ 95ರ ಲೈಸೆನ್ಸನ್ನೇ ರದ್ದು ಮಾಡುತ್ತೇವೆ ಎಂದು ಮೈಕ್ರೋಸಾಫ್ಟ್ ಪತ್ರ ಬರೆಯಿತು. ಐಕಾನ್‌ಗಳು ವಾಪಸ್ ಬಂದವು. ಜಗತ್ತಿನ ಅತಿ ದೊಡ್ಡ ಪಿಸಿ ತಯಾರಕನಿಗೇ ಹೀಗಾದ ಮೇಲೆ ಉಳಿದವರ ಮಾತೇನು? ಅದೇ ವರ್ಷದಿಂದ ಲೈಸೆನ್ಸ್ ಕರಾರುಗಳು ಇನ್ನೂ ಬಿಗಿಯಾದವು: ಡೆಸ್ಕ್‌ಟಾಪಿನ ಐಕಾನ್, ಫೋಲ್ಡರ್, ಸ್ಟಾರ್ಟ್ ಮೆನುವಿನ ಸಾಲು ಯಾವುದನ್ನೂ ತೆಗೆಯುವಂತಿಲ್ಲ, ಮೊದಲ ಸಲ ಕಂಪ್ಯೂಟರ್ ಹಚ್ಚಿದಾಗ ಬರುವ ಪರದೆಗಳ ಸರಣಿಯನ್ನು ಬದಲಿಸುವಂತಿಲ್ಲ, ವಿಂಡೋಸ್ ಡೆಸ್ಕ್‌ಟಾಪ್ ಕಾಣುವ ರೀತಿಯನ್ನು ಬೇರೆ ಬಗೆಯಲ್ಲೂ ಮಾರ್ಪಡಿಸುವಂತಿಲ್ಲ.

ತಯಾರಕರನ್ನು ಬಿಟ್ಟರೆ ಬ್ರೌಸರ್ ಮನೆಗೆ ಬರುತ್ತಿದ್ದ ಇನ್ನೊಂದು ದೊಡ್ಡ ದಾರಿ ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಗಳದು. 1996ರ ಮಾರ್ಚ್‌ನಲ್ಲಿ ಅಮೆರಿಕ ಆನ್‌ಲೈನ್ (ಎಒಎಲ್) ಜೊತೆ ಆದ ಒಪ್ಪಂದವೇ ಸಾಕು. ವಿಂಡೋಸ್ ಡೆಸ್ಕ್‌ಟಾಪಿನ ಆನ್‌ಲೈನ್ ಸರ್ವಿಸಸ್ ಫೋಲ್ಡರಿನಲ್ಲಿ ಎಒಎಲ್‌ಗೆ ಜಾಗ ಸಿಕ್ಕಿತು. ಪ್ರತಿಯಾಗಿ ಎಒಎಲ್ ಎಕ್ಸ್‌ಪ್ಲೋರರನ್ನೇ ಹಂಚಬೇಕು, ಬೇರೆ ಬ್ರೌಸರನ್ನು ತನ್ನ ಚಂದಾದಾರರಲ್ಲಿ ಶೇ. 15ಕ್ಕಿಂತ ಹೆಚ್ಚು ಮಂದಿಗೆ ಕೊಡುವಂತಿಲ್ಲ.

ಬ್ರೌಸರಿನ ಮೇಲೆ ಇಷ್ಟು ಜೋರು ಏಕೆ? ವಿಂಡೋಸಿಗಾಗಿ ಆಗ ಸುಮಾರು 70,000 ಅಪ್ಲಿಕೇಶನ್‌ಗಳಿದ್ದವು ಎಂದು ಕೋರ್ಟ್ ಗುರುತಿಸಿತು. ಹೊಸ ಆಪರೇಟಿಂಗ್ ಸಿಸ್ಟಂ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಅಪ್ಲಿಕೇಶನ್ ಇಲ್ಲದಿದ್ದರೆ ಗ್ರಾಹಕ ಬರುವುದಿಲ್ಲ, ಗ್ರಾಹಕ ಇಲ್ಲದಿದ್ದರೆ ಅಪ್ಲಿಕೇಶನ್ ಬರೆಯುವವರು ಬರುವುದಿಲ್ಲ. ನ್ಯಾವಿಗೇಟರ್ ಮತ್ತು ಯಾವ ಸಿಸ್ಟಂ ಮೇಲೂ ಓಡುವ ಪ್ರೋಗ್ರಾಂ ಬರೆಯಲು ಬಂದ ಸನ್ ಕಂಪನಿಯ ಜಾವಾ ಈ ಸುಳಿಯನ್ನು ತಪ್ಪಿಸುವ ಸಾಧನಗಳಾಗಬಹುದಿತ್ತು. ಅಪ್ಲಿಕೇಶನ್ ಬ್ರೌಸರಿನ ಮೇಲೆ ಓಡಿದರೆ ಕೆಳಗೆ ಯಾವ ಸಿಸ್ಟಂ ಇದ್ದರೇನು? ಇಂದು ಹೆಚ್ಚಿನ ಕೆಲಸ ಬ್ರೌಸರಿನಲ್ಲೇ ನಡೆಯುವ ಕ್ರೋಮ್‌ಬುಕ್ಕಿನಲ್ಲಿ ಕೂತು ಕೆಲಸ ಮಾಡುವವರಿಗೆ ಈ ಭಯ ಎಷ್ಟು ನಿಜವಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಬ್ರೌಸರ್ ಮಾರಿ ಗಳಿಸುವುದು ಮೈಕ್ರೋಸಾಫ್ಟ್‌ನ ಗುರಿಯಾಗಿರಲಿಲ್ಲ. ವಿಂಡೋಸ್ ಏಕಸ್ವಾಮ್ಯಕ್ಕೆ ಬೇಲಿ ಬೇಕಿತ್ತು.

2000ದ ಜೂನ್ 7ರಂದು ಜಾಕ್ಸನ್ ಕಂಪನಿಯನ್ನು ಒಡೆಯಲು ಆದೇಶಿಸಿದರು. 2001ರ ಜೂನ್ 28ರಂದು ಮೇಲ್ಮನವಿ ನ್ಯಾಯಾಲಯದ ಏಳು ನ್ಯಾಯಾಧೀಶರು ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಪತ್ರಕರ್ತರ ಜೊತೆ ಗುಟ್ಟಾಗಿ ಮಾತಾಡಿದ್ದಕ್ಕೆ ಜಾಕ್ಸನ್ ಅವರನ್ನು ಪ್ರಕರಣದಿಂದಲೇ ಹೊರಗಿಟ್ಟರು. ಮೈಕ್ರೋಸಾಫ್ಟ್ ಗೆದ್ದಿತು ಎಂದು ಇದನ್ನು ಓದಿಕೊಂಡವರು ಬಹಳ. ತೀರ್ಪಿನ ಒಳಗೆ ಹೊಕ್ಕರೆ ಕಥೆ ಬೇರೆ. ಏಕಸ್ವಾಮ್ಯವನ್ನು ಅಕ್ರಮ ದಾರಿಯಲ್ಲಿ ಕಾಪಾಡಿಕೊಂಡದ್ದು ನಿಜ ಎಂಬ ಮುಖ್ಯ ನಿರ್ಣಯ ಹಾಗೇ ನಿಂತಿತು.

ಈ ತೀರ್ಪಿನ ಸೊಗಸು ಇರುವುದು ಅದು ಒಂದೊಂದು ಕೃತ್ಯವನ್ನೂ ಬಿಡಿಯಾಗಿ ತೂಗಿದ್ದರಲ್ಲಿ. ವಿಂಡೋಸ್ 98ರಲ್ಲಿ ಎಕ್ಸ್‌ಪ್ಲೋರರನ್ನು ಆಡ್/ರಿಮೂವ್ ಪಟ್ಟಿಯಿಂದಲೇ ತೆಗೆದಿದ್ದರು. 90 ಸೆಕೆಂಡಿನ ದಾರಿಯನ್ನು ಮುಚ್ಚಿದ್ದು ಎಂದರೆ ಇದೇ. ಇದಕ್ಕೆ ಯಾವ ತಾಂತ್ರಿಕ ಕಾರಣವನ್ನೂ ಕಂಪನಿ ಕೊಡಲಿಲ್ಲ, ಹಾಗಾಗಿ ಅಕ್ರಮ. ಬ್ರೌಸರಿಗೆ ಮಾತ್ರ ಸೇರಿದ ಕೋಡನ್ನು ಸಿಸ್ಟಂ ಕೋಡಿನ ಜೊತೆ ಒಂದೇ ಕಡತದಲ್ಲಿ ಬೆರೆಸಿದ್ದು, ಕಡತ ಅಳಿಸಿದರೆ ಸಿಸ್ಟಂ ಕೆಡುವಂತೆ ಮಾಡಿ ತಯಾರಕರನ್ನು ತಡೆದದ್ದು ಅಕ್ರಮ. ಆದರೆ ಬಳಕೆದಾರ ಬೇರೆ ಬ್ರೌಸರನ್ನು ಡಿಫಾಲ್ಟ್ ಮಾಡಿದ್ದರೂ ಹೆಲ್ಪ್ ಮತ್ತು ವಿಂಡೋಸ್ ಅಪ್‌ಡೇಟ್ ತೆರೆದಾಗ ಎಕ್ಸ್‌ಪ್ಲೋರರೇ ಬರುತ್ತಿದ್ದದ್ದು ಅಕ್ರಮವಲ್ಲ, ಏಕೆಂದರೆ ಅವಕ್ಕೆ ಬೇಕಾದ ಮೈಕ್ರೋಸಾಫ್ಟ್‌ನ ಆಕ್ಟಿವ್‌ಎಕ್ಸ್ ತಂತ್ರ ನ್ಯಾವಿಗೇಟರಿನಲ್ಲಿ ಇರಲಿಲ್ಲ. ಬ್ರೌಸರನ್ನು ಉಚಿತವಾಗಿ ಕೊಟ್ಟದ್ದೂ ಅಕ್ರಮವಲ್ಲ. ತಯಾರಕರ ಮೇಲಿನ ಕರಾರುಗಳಲ್ಲಿ ಒಂದನ್ನು ಬಿಟ್ಟು ಉಳಿದವು ಅಕ್ರಮ. ವಿಂಡೋಸ್ ಡೆಸ್ಕ್‌ಟಾಪನ್ನೇ ಪೂರ್ತಿ ಮುಚ್ಚುವ ಇನ್ನೊಂದು ಮುಖಪುಟವನ್ನು ತಯಾರಕ ತಾನಾಗಿ ತೆರೆಸುವಂತಿಲ್ಲ ಎಂಬ ಷರತ್ತು ಮಾತ್ರ ಉಳಿಯಿತು.

ಒಂದರ ಜೊತೆ ಇನ್ನೊಂದನ್ನು ಕಟ್ಟಿ ಮಾರಿದರು ಎಂಬ ಬಿಡಿ ಆರೋಪವನ್ನು ಮಾತ್ರ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದರು. ಮಾಮೂಲಿ ಸರಕಿನಲ್ಲಿ ಹೀಗೆ ಕಟ್ಟಿ ಮಾರುವುದು ಸಾಬೀತಾದರೆ ಹೆಚ್ಚು ವಿಚಾರಿಸದೆ ಅಕ್ರಮ ಎನ್ನುವ ಪದ್ಧತಿ ಅಮೆರಿಕದಲ್ಲಿತ್ತು. ಸಾಫ್ಟ್‌ವೇರ್ ವೇದಿಕೆಗೆ ಅದು ಹೊಂದುವುದಿಲ್ಲ, ಸೇರಿಸಿದ್ದರಿಂದ ಲಾಭ ಎಷ್ಟು ಹಾನಿ ಎಷ್ಟು ಎಂದು ತೂಗಿಯೇ ನೋಡಬೇಕು ಎಂದಿತು ಕೋರ್ಟ್. ನನಗೆ ಇದು ಸರಿ ಎನಿಸುತ್ತದೆ. ಒಂದು ಕಾಲಕ್ಕೆ ಇಂಟರ್ನೆಟ್ ಸೇರಲು ಬೇಕಾದ ಟಿಸಿಪಿ/ಐಪಿ ಕೂಡ ಬೇರೆ ಕಂಪನಿಯಿಂದ ಕೊಂಡು ವಿಂಡೋಸಿಗೆ ಸೇರಿಸಬೇಕಾದ ಸರಕಾಗಿತ್ತು. ಅದನ್ನು ಒಳಗೆ ತಂದದ್ದು ಅಪರಾಧವೆಂದು ಇಂದು ಯಾರೂ ಹೇಳುವುದಿಲ್ಲ. ಆ ತೂಗುವಿಕೆ ಕೊನೆಗೂ ನಡೆಯಲೇ ಇಲ್ಲ. ಸರ್ಕಾರ ಬದಲಾಗಿತ್ತು. 2001ರ ಸೆಪ್ಟೆಂಬರಿನಲ್ಲಿ ನ್ಯಾಯ ಇಲಾಖೆ ಆ ಆರೋಪವನ್ನೇ ಕೈಬಿಟ್ಟಿತು, ನವೆಂಬರಿನಲ್ಲಿ ರಾಜಿಯಾಯಿತು, ಒಂದು ವರ್ಷದ ಬಳಿಕ ನ್ಯಾಯಾಧೀಶೆ ಕಾಲೀನ್ ಕೊಲರ್-ಕೊಟೆಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು.

ಆ ರಾಜಿಯ ಕುರುಹನ್ನು ವಿಂಡೋಸ್ ಎಕ್ಸ್‌ಪಿ ಬಳಸಿದವರೆಲ್ಲ ನೋಡಿದ್ದಾರೆ. ಸರ್ವಿಸ್ ಪ್ಯಾಕ್ 1ರ ನಂತರ ಸ್ಟಾರ್ಟ್ ಮೆನುವಿನಲ್ಲಿ ಕಾಣಿಸಿಕೊಂಡ ‘ಸೆಟ್ ಪ್ರೋಗ್ರಾಂ ಆಕ್ಸೆಸ್ ಆಂಡ್ ಡಿಫಾಲ್ಟ್ಸ್’ ಅದೇ. ಅಲ್ಲಿ ಟಿಕ್ ತೆಗೆದರೆ ಎಕ್ಸ್‌ಪ್ಲೋರರಿನ ಐಕಾನ್‌ಗಳು ಮರೆಯಾಗುತ್ತಿದ್ದವು, ಡಿಎಲ್‌ಎಲ್ ಒಳಗೇ ಇರುತ್ತಿದ್ದವು. ಎಂಜಿನ್ ಬಿಟ್ಟು ಬಾಗಿಲು ಮುಚ್ಚುವ ಪರಿಹಾರ ತಾಂತ್ರಿಕವಾಗಿ ಸರಿಯಾಗಿಯೇ ಇತ್ತು. ಬಂದ ಹೊತ್ತು ತಪ್ಪಿತ್ತು. ನೆಟ್‌ಸ್ಕೇಪ್ ಆಗಲೇ ಎಒಎಲ್ ಪಾಲಾಗಿ ಸೊರಗಿತ್ತು. 2003ರಲ್ಲಿ ಮೈಕ್ರೋಸಾಫ್ಟ್ ಎಒಎಲ್‌ಗೆ 75 ಕೋಟಿ ಡಾಲರ್ ಕೊಟ್ಟು ಆ ಲೆಕ್ಕವನ್ನೂ ಚುಕ್ತಾ ಮಾಡಿತು. ಪೈಪೋಟಿ ಇಲ್ಲದ ಮಾರುಕಟ್ಟೆಯಲ್ಲಿ 2001ರಲ್ಲಿ ಬಂದ ಎಕ್ಸ್‌ಪ್ಲೋರರ್ 6ರ ನಂತರ ಎಕ್ಸ್‌ಪ್ಲೋರರ್ 7 ಬರಲು 2006 ಆಗಬೇಕಾಯಿತು.

ಆ ಐದು ವರ್ಷಗಳ ಬೆಲೆಯನ್ನು ಕನ್ನಡ ಓದುಗರೂ ತೆತ್ತಿದ್ದಾರೆ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿ ಕೊಡುವ ಯೂನಿಕೋಡ್ ಇನ್ನೂ ನೆಲೆಯೂರದ ಆ ದಿನಗಳಲ್ಲಿ ಭಾರತೀಯ ಭಾಷೆಗಳ ಅನೇಕ ತಾಣಗಳು ತಮ್ಮದೇ ಎನ್‌ಕೋಡಿಂಗಿನ ಫಾಂಟ್ ಬಳಸುತ್ತಿದ್ದವು. ಓದುಗ ಫಾಂಟ್ ಹಾಕಿಕೊಳ್ಳದೆಯೂ ಪುಟ ಕಾಣಲಿ ಎಂದು ‘ಡೈನಾಮಿಕ್ ಫಾಂಟ್’ ತಂತ್ರ ಬಂತು. ಅದರಲ್ಲಿ ಎರಡು ಜಾತಿ: ನೆಟ್‌ಸ್ಕೇಪ್ 4ಕ್ಕೆ ಪಿಎಫ್‌ಆರ್, ಎಕ್ಸ್‌ಪ್ಲೋರರಿಗೆ ಇಒಟಿ. ನೆಟ್‌ಸ್ಕೇಪ್ ಮರೆಯಾದ ಮೇಲೆ ಪಿಎಫ್‌ಆರ್ ಮಾಡಿಡುವ ಗೋಜಿಗೆ ಯಾರೂ ಹೋಗಲಿಲ್ಲ, ಮೊಝಿಲ್ಲಾ ಕೂಡ ಅದನ್ನು ಕೈಬಿಟ್ಟಿತ್ತು. ಇಒಟಿ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆಯುತ್ತಿತ್ತು. ಲಿನಕ್ಸ್ ಮೇಲೆ ಫೈರ್‌ಫಾಕ್ಸ್ ಬಳಸುವವನಿಗೆ ಅಂಥ ಪುಟ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಒಬ್ಬ ಕಂಪ್ಯೂಟರ್ ತಯಾರಕನ ಐಕಾನ್ ಮೇಲೆ ಅಮೆರಿಕದಲ್ಲಿ ಹಾಕಿದ ನಿರ್ಬಂಧ ಹತ್ತು ವರ್ಷದ ನಂತರ ನಮ್ಮ ಲಿಪಿಯ ಪುಟಗಳವರೆಗೆ ಬಂದು ಮುಟ್ಟುವ ದಾರಿ ಇದು. ಸರ್ಕಾರಿ ತಾಣಗಳ ಅಡಿಯಲ್ಲಿ ‘ಎಕ್ಸ್‌ಪ್ಲೋರರಿನಲ್ಲೇ ನೋಡಿ’ ಎಂಬ ಸಾಲು ವರ್ಷಗಟ್ಟಲೆ ಉಳಿದದ್ದಕ್ಕೂ ಇದೇ ಹಿನ್ನೆಲೆ.

ಯುರೋಪು ಬೇರೆ ದಾರಿ ಹಿಡಿಯಿತು. 2004ರಲ್ಲಿ ಮೀಡಿಯಾ ಪ್ಲೇಯರ್ ಮತ್ತಿತರ ವಿಷಯಗಳ ಸಂಬಂಧ ಅಲ್ಲಿನ ಆಯೋಗ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕೆಂದಿತು. ಅದೇ ವಿಂಡೋಸ್ ಎನ್. ಆದರೆ ಅದರ ಬೆಲೆ ಕಡಿಮೆ ಇರಬೇಕೆಂದು ಆಯೋಗ ಹೇಳಿರಲಿಲ್ಲ. ಒಂದೇ ಬೆಲೆಗೆ ಪ್ಲೇಯರ್ ಇರುವುದೂ ಸಿಗುವಾಗ ಇಲ್ಲದ್ದನ್ನು ಯಾರು ಕೊಳ್ಳುತ್ತಾರೆ? ಯಾರೂ ಕೊಳ್ಳಲಿಲ್ಲ. 2007ರ ಡಿಸೆಂಬರಿನಲ್ಲಿ ನಾರ್ವೆಯ ಒಪೇರಾ ಬ್ರೌಸರ್ ಬಗ್ಗೆ ದೂರು ಕೊಟ್ಟಾಗ ಆಯೋಗ ಈ ಪಾಠವನ್ನು ಮರೆತಿರಲಿಲ್ಲ. ಬ್ರೌಸರೇ ಇಲ್ಲದ ವಿಂಡೋಸ್ 7 ಮಾರುತ್ತೇವೆ ಎಂದು ಮೈಕ್ರೋಸಾಫ್ಟ್ ಮುಂದೆ ಬಂದರೂ ಅದಕ್ಕೆ ಮಣಿಯದೆ, ಬಳಕೆದಾರನ ಮುಂದೆ ಆಯ್ಕೆಯ ಪರದೆ ಇಡಬೇಕೆಂದು ಪಟ್ಟು ಹಿಡಿಯಿತು. 2009ರ ಡಿಸೆಂಬರ್ 16ರಂದು ಐದು ವರ್ಷದ ಒಪ್ಪಂದವಾಯಿತು. 2010ರ ಮಾರ್ಚ್‌ನಿಂದ, ಎಕ್ಸ್‌ಪ್ಲೋರರ್ ಡಿಫಾಲ್ಟ್ ಆಗಿದ್ದ ಯುರೋಪಿನ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಆ ಪರದೆ ಬಂತು. ಒಟ್ಟು 12 ಬ್ರೌಸರ್. ಎಕ್ಸ್‌ಪ್ಲೋರರ್, ಫೈರ್‌ಫಾಕ್ಸ್, ಕ್ರೋಮ್, ಸಫಾರಿ, ಒಪೇರಾ ಐದೂ ಮುಂದೆ; ಉಳಿದ ಏಳನ್ನು ನೋಡಬೇಕಾದರೆ ಪಕ್ಕಕ್ಕೆ ಸರಿಸಬೇಕು. ಆ ಏಳರವರು ಗೊಣಗಿದ್ದು ನ್ಯಾಯವೇ, ಪಕ್ಕಕ್ಕೆ ಸರಿಸಿ ನೋಡುವವರು ಎಷ್ಟು ಜನ?

ಮುಂದಿನ ಐದರ ಕ್ರಮ ಪ್ರತಿ ಸಲ ಬದಲಾಗಬೇಕು, ಎಲ್ಲರಿಗೂ ಸಮಾನ ಅವಕಾಶ ಸಿಗಬೇಕು ಎಂಬುದು ನಿಯಮ. ಪರದೆ ಬಂದ ಕೆಲವೇ ದಿನಗಳಲ್ಲಿ ಕ್ರಮ ಸಮಾನವಾಗಿಲ್ಲ ಎಂದು ಹೊರಗಿನ ಪ್ರೋಗ್ರಾಮರ್‌ಗಳು ಪತ್ತೆ ಹಚ್ಚಿದರು. ಆ ಪುಟವನ್ನು ಎಕ್ಸ್‌ಪ್ಲೋರರಿನಲ್ಲಿ ತೆರೆದಾಗ, ಎಕ್ಸ್‌ಪ್ಲೋರರ್ ಕೊನೆಯ ಜಾಗದಲ್ಲಿ ಸುಮಾರು ಅರ್ಧದಷ್ಟು ಸಲ ಬಂದು ಕೂರುತ್ತಿತ್ತು. ಬರಬೇಕಾದದ್ದು ಐದರಲ್ಲಿ ಒಂದು ಸಲ. ಉದ್ದೇಶಪೂರ್ವಕ ಮೋಸ ಇದರಲ್ಲಿ ಕಾಣುವುದಿಲ್ಲ. ಇಂದಿಗೂ ಪ್ರೋಗ್ರಾಮರ್‌ಗಳು ಮಾಡುವ ತಪ್ಪು ಇದು, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ವೆಬ್ ಪುಟಗಳ ಪ್ರೋಗ್ರಾಂ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ಪಟ್ಟಿಯನ್ನು ಕ್ರಮಕ್ಕೆ ಜೋಡಿಸುವ ಸಾರ್ಟ್ ಎರಡೆರಡು ಹೆಸರುಗಳನ್ನು ಮುಂದಿಟ್ಟು ‘ಇವೆರಡರಲ್ಲಿ ಯಾವುದು ಮೊದಲು’ ಎಂದು ಕೇಳುತ್ತದೆ. ಕೇಳಿದಾಗಲೆಲ್ಲ 0.5ರಿಂದ 0 ಮತ್ತು 1ರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕಳೆದು ಉತ್ತರವಾಗಿ ಕೊಡುವಂತೆ ಮೈಕ್ರೋಸಾಫ್ಟ್‌ನವರು ಬರೆದಿದ್ದರು. ಅಂದರೆ ಪ್ರತಿ ಪ್ರಶ್ನೆಗೂ ನಾಣ್ಯ ಚಿಮ್ಮಿದ ಉತ್ತರ. ‘ಅ’ ಎಂಬುದು ‘ಆ’ಗಿಂತ ಮೊದಲು, ‘ಆ’ ಎಂಬುದು ‘ಇ’ಗಿಂತ ಮೊದಲು ಎಂದಾದರೆ ‘ಅ’ ‘ಇ’ಗಿಂತ ಮೊದಲು ಇರಲೇಬೇಕು ಎಂದು ಸಾರ್ಟ್ ನಂಬಿರುತ್ತದೆ. ನಾಣ್ಯಕ್ಕೆ ಆ ನಿಯಮವಿಲ್ಲ. ಹಾಗಾಗಿ ಫಲಿತಾಂಶ ಆಯಾ ಬ್ರೌಸರ್ ಯಾವ ಸಾರ್ಟ್ ವಿಧಾನ ಬಳಸುತ್ತದೆ ಎಂಬುದರ ಮೇಲೆ ನಿಂತಿತು. ಫೈರ್‌ಫಾಕ್ಸಿನಲ್ಲಿ ತೆರೆದರೆ ಒಲವು ಬೇರೆ ಕಡೆಗೆ ಹೋಗುತ್ತಿತ್ತು. ಯಾವ ಸಾರ್ಟ್ ಬಳಸಿದರೂ ಇದು ಸರಿಹೋಗುವುದಿಲ್ಲ ಎಂದು ಲೆಕ್ಕದಲ್ಲೇ ತೋರಿಸಬಹುದು. ಇಂತಿಷ್ಟು ಸಲ ನಾಣ್ಯ ಚಿಮ್ಮಿ ಬರುವ ಯಾವ ಸಂಭವನೀಯತೆಯ ಛೇದವೂ 2, 4, 8, 16ರ ಸಾಲಿನದೇ ಆಗಿರುತ್ತದೆ. ಅದರಿಂದ ಸರಿಯಾಗಿ ಐದರಲ್ಲಿ ಒಂದು ಭಾಗ ಎಂದೂ ಬರುವುದಿಲ್ಲ.

ಸರಿಯಾದ ವಿಧಾನ ಫಿಷರ್-ಯೇಟ್ಸ್. ಐದನೆಯ ಜಾಗದಲ್ಲಿರುವುದನ್ನು 1ರಿಂದ 5ರೊಳಗಿನ ಯಾವುದೋ ಒಂದು ಜಾಗದ ಜೊತೆ ಅದಲುಬದಲು ಮಾಡಿ. ನಾಲ್ಕನೆಯದನ್ನು 1ರಿಂದ 4ರೊಳಗಿನದರ ಜೊತೆ. ಮೂರನೆಯದನ್ನು 1ರಿಂದ 3ರೊಳಗಿನದರ ಜೊತೆ. ಎರಡನೆಯದನ್ನು 1 ಅಥವಾ 2ರ ಜೊತೆ. ಒಟ್ಟು 5×4×3×2 ಅಂದರೆ 120 ದಾರಿ, 120 ಕ್ರಮ, ಒಂದಕ್ಕೊಂದು ಸರಿಹೊಂದುತ್ತದೆ. ಇಲ್ಲೂ ಒಂದು ಗುಂಡಿಯಿದೆ: ಐದೂ ಜಾಗಕ್ಕೆ ಪ್ರತಿ ಸಲವೂ 1ರಿಂದ 5ರೊಳಗೇ ಆರಿಸಿದರೆ 3,125 ದಾರಿಗಳಾಗುತ್ತವೆ, ಅದನ್ನು 120 ಕ್ರಮಗಳಿಗೆ ಸಮನಾಗಿ ಹಂಚಲಾಗುವುದಿಲ್ಲ. ಪರೀಕ್ಷೆಯೂ ಕಷ್ಟದ್ದಲ್ಲ. 10,000 ಸಲ ಓಡಿಸಿ, ಒಂದು ಹೆಸರು ಒಂದೊಂದು ಜಾಗದಲ್ಲಿ ಎಷ್ಟು ಸಲ ಬಂತೆಂದು ಎಣಿಸಿ. 2,000ದ ಆಸುಪಾಸಿನಲ್ಲಿ, ಸುಮಾರು 120ರಷ್ಟು ಹೆಚ್ಚುಕಡಿಮೆ ಇದ್ದರೆ ಸರಿ. 5,000 ಬಂದರೆ ಕೋಡ್ ತೆರೆದು ನೋಡಬೇಕು. ಕಾನೂನಿನ ಭಾಷೆಯಲ್ಲಿ ‘ಯಾದೃಚ್ಛಿಕ ಕ್ರಮ’ ಎಂದು ಬರೆಯುವವರು ಈ ಎಣಿಕೆಯನ್ನೂ ಆದೇಶದಲ್ಲಿ ಸೇರಿಸಬೇಕು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿತು.

ಅದಕ್ಕಿಂತ ದೊಡ್ಡ ಎಡವಟ್ಟು ಮುಂದೆ ಕಾದಿತ್ತು. ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1 ಬಂದಾಗ, ಯಾವ ಕಂಪ್ಯೂಟರಿಗೆ ಆಯ್ಕೆಯ ಪರದೆ ಕಳಿಸಬೇಕೆಂದು ಗುರುತಿಸುವ ಕೋಡನ್ನು ಅದಕ್ಕೆ ತಕ್ಕಂತೆ ಬದಲಿಸಿರಲಿಲ್ಲ. 2011ರ ಮೇ ತಿಂಗಳಿಂದ 2012ರ ಜುಲೈವರೆಗೆ ಸುಮಾರು 1.5 ಕೋಟಿ ಬಳಕೆದಾರರಿಗೆ ಪರದೆ ಬರಲೇ ಇಲ್ಲ. ಹದಿನಾಲ್ಕು ತಿಂಗಳು ಅದು ಯಾರ ಗಮನಕ್ಕೂ ಬಾರದೆ ಹೋದದ್ದು ಹೇಗೆ? ಒಪ್ಪಂದ ಪಾಲನೆಯಾಗುತ್ತಿದೆಯೇ ಎಂಬ ವರದಿ ಕೊಡುವ ಕೆಲಸವನ್ನು ಆಯೋಗ ಮೈಕ್ರೋಸಾಫ್ಟ್‌ಗೇ ವಹಿಸಿತ್ತು. 2013ರ ಮಾರ್ಚ್ 6ರಂದು 56.1 ಕೋಟಿ ಯೂರೋ ದಂಡ ಬಿತ್ತು. ತಿಂಗಳಿಗೊಮ್ಮೆ ಅಂಗಡಿಯಿಂದ ಒಂದು ಹೊಸ ಲ್ಯಾಪ್‌ಟಾಪ್ ತಂದು ಹಚ್ಚಿ ನೋಡಲು ಒಬ್ಬ ನೌಕರನನ್ನು ಇಟ್ಟಿದ್ದರೂ ಸಾಕಿತ್ತು.

ಫೋನಿನ ಕಾಲಕ್ಕೆ ಬಂದರೆ ಪಾತ್ರಧಾರಿಗಳು ಬದಲಾದರು, ಕರಾರು ಹೆಚ್ಚು ಬದಲಾಗಲಿಲ್ಲ. ಆಂಡ್ರಾಯ್ಡ್ ಕೋಡ್ ಯಾರು ಬೇಕಾದರೂ ಬಳಸಬಹುದು, ಆದರೆ ಪ್ಲೇ ಸ್ಟೋರ್ ಇಲ್ಲದ ಫೋನ್ ಮಾರುವುದು ಕಷ್ಟ. ಪ್ಲೇ ಸ್ಟೋರ್ ಬೇಕಾದರೆ ಗೂಗಲ್ ಸರ್ಚ್, ಕ್ರೋಮ್ ಸೇರಿದ ಇಡೀ ಕಂತೆಯನ್ನು ಹಾಕಬೇಕು, ಎದ್ದು ಕಾಣುವ ಜಾಗದಲ್ಲಿಡಬೇಕು. ಯುರೋಪಿಯನ್ ಆಯೋಗ 2018ರ ಜುಲೈನಲ್ಲಿ ಇದಕ್ಕೆ 434 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಅಲ್ಲಿನ ಜನರಲ್ ಕೋರ್ಟ್ ಅದನ್ನು 412.5 ಕೋಟಿಗೆ ಇಳಿಸಿತು. 2018ರ ಆದೇಶದ ನಂತರ ಬಂದ ಸರ್ಚ್ ಎಂಜಿನ್ ಆಯ್ಕೆಯ ಪರದೆಯಲ್ಲಿ ಗೂಗಲ್ ಜಾಗಗಳನ್ನು ಹರಾಜು ಹಾಕಿತ್ತು! ಏಕಸ್ವಾಮ್ಯ ಮುರಿಯಲು ತಂದ ಪರದೆಯಲ್ಲಿ ಕಾಣಿಸಿಕೊಳ್ಳಲು ಪುಟ್ಟ ಕಂಪನಿಗಳು ಅದೇ ಏಕಸ್ವಾಮಿಗೆ ದುಡ್ಡು ಕೊಡುವುದು. 2021ರಲ್ಲಿ ಆ ಹರಾಜು ನಿಂತಿತು.

ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಆಪ್ ಸ್ಟೋರಿನ ಬಲದಿಂದ ಕ್ರೋಮ್ ಮೂಲಕ ಬ್ರೌಸರ್ ಮಾರುಕಟ್ಟೆಗೆ ನುಗ್ಗಿ ಅಲ್ಲಿ ತನ್ನ ಜಾಗ ಕಾಪಾಡಿಕೊಂಡಿತು ಎಂಬುದು ಅದರ ನಿರ್ಣಯಗಳಲ್ಲಿ ಒಂದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಗೂಗಲ್, ಭಾರತದ ಫೋನ್ ತಯಾರಕರು ಆಪ್‌ಗಳನ್ನು ಬಿಡಿಬಿಡಿಯಾಗಿ ಲೈಸೆನ್ಸ್ ಪಡೆಯಬಹುದು ಎಂದು ಪ್ರಕಟಿಸಿತು. ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ಆಯೋಗದ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ತೆಗೆದುಹಾಕಿತು. ಮೊದಲೇ ಹಾಕಿ ಬಂದ ಆಪ್‌ಗಳನ್ನು ಬಳಕೆದಾರ ಅನ್‌ಇನ್‌ಸ್ಟಾಲ್ ಮಾಡಲು ಬಿಡಬೇಕು ಎಂಬುದು ಆ ನಾಲ್ಕರಲ್ಲಿತ್ತು. ಇದು ನನಗೆ ಬೇಸರದ ಸಂಗತಿ, ಆದರೂ ತಯಾರಕರಿಗೆ ಕೊಟ್ಟ ಬಿಡಿ ಲೈಸೆನ್ಸಿನ ಅವಕಾಶ ಅದಕ್ಕಿಂತ ದೊಡ್ಡದು ಎಂದೇ ಹೇಳುತ್ತೇನೆ. 1996ರ ಕಾಂಪ್ಯಾಕ್ ಪ್ರಕರಣ ತೋರಿಸಿದ್ದು ಅದನ್ನೇ: ಫೋನ್ ಕಾರ್ಖಾನೆ ಬಿಡುವ ಮೊದಲು ಏನಾಗುತ್ತದೆ ಎಂಬುದು, ಅದು ಕೈಗೆ ಬಂದ ಮೇಲೆ ನಾವು ಮಾಡುವುದಕ್ಕಿಂತ ಬಹಳ ಹೆಚ್ಚು ತೂಗುತ್ತದೆ. ಸರ್ಚ್ ವ್ಯವಹಾರದ ಬಗ್ಗೆ ಗೂಗಲ್ ವಿರುದ್ಧ ಅಮೆರಿಕದಲ್ಲಿ ನಡೆದ ಮೊಕದ್ದಮೆಯಲ್ಲಿ, ಡಿಫಾಲ್ಟ್ ಜಾಗಗಳಿಗಾಗಿ ಗೂಗಲ್ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿತೆಂದು ಹೊರಬಿತ್ತು. ಬಳಕೆದಾರ ಸುಲಭವಾಗಿ ಬದಲಿಸಿಕೊಳ್ಳುತ್ತಾನೆ ಎಂದಿದ್ದರೆ ಅಷ್ಟು ಹಣವನ್ನು ಯಾರೂ ಕೊಡುತ್ತಿರಲಿಲ್ಲ.

ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ 2024ರ ಮಾರ್ಚ್‌ನಿಂದ ಐಫೋನಿನಲ್ಲೂ ಆಯ್ಕೆಯ ಪರದೆ ತರಿಸಿತು. ಮೊದಲ ರೂಪದಲ್ಲಿ ಬೇರೆ ಬ್ರೌಸರ್ ಆರಿಸಿದರೂ ಕೆಳಗಿನ ಡಾಕ್‌ನಲ್ಲಿ ಸಫಾರಿಯೇ ಕೂತಿರುತ್ತಿತ್ತು. ಆರಿಸಿದ ಬ್ರೌಸರ್ ಸಫಾರಿಯ ಜಾಗಕ್ಕೇ ಬರುವಂತೆ ಆಪಲ್ ಮಾಡಿದ್ದು ಆ ವರ್ಷದ ಕೊನೆಯಲ್ಲಿ, ಐಓಎಸ್ 18.2ರಲ್ಲಿ.

ಭಾರತದಲ್ಲಿರುವ ನಮ್ಮ ಕೈಯಲ್ಲಿ ಸದ್ಯಕ್ಕಿರುವುದು ಸೆಟ್ಟಿಂಗ್ಸ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಪ್ಸ್, ಡಿಫಾಲ್ಟ್ ಆಪ್ಸ್‌ಗೆ ಹೋಗಿ ಬೇಕಾದ ಬ್ರೌಸರಿನ ಹೆಸರು ಒತ್ತಿ, ಮೇಲಿರುವ ‘ಸೆಟ್ ಡಿಫಾಲ್ಟ್’ ಒತ್ತಬೇಕು. 2021ರಲ್ಲಿ ವಿಂಡೋಸ್ 11 ಬಂದಾಗ ಈ ಒಂದು ಗುಂಡಿ ಇರಲಿಲ್ಲ, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಎಚ್‌ಟಿಎಂಎಲ್ ಎಂದು ಒಂದೊಂದನ್ನೇ ಬದಲಿಸಬೇಕಿತ್ತು. 2022ರ ಮಾರ್ಚ್‌ನ ಅಪ್‌ಡೇಟಿನಲ್ಲಿ ಗುಂಡಿ ಬಂತು. ಪಿಡಿಎಫ್ ಇನ್ನೂ ಮೈಕ್ರೋಸಾಫ್ಟ್‌ನ ಈಗಿನ ಬ್ರೌಸರ್ ಎಡ್ಜ್‌ನಲ್ಲೇ ತೆರೆದರೆ ಅದೇ ಪುಟದಲ್ಲಿ ಕೆಳಗೆ ಅದನ್ನು ಬೇರೆಯಾಗಿ ಬದಲಿಸಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟಿರುವ ರಿಜಿಸ್ಟ್ರಿಯಲ್ಲಿ ಕೈಹಾಕಿ ಬದಲಿಸಲು ಹೋಗಬೇಡಿ: ಡಿಫಾಲ್ಟ್ ಹೆಸರಿನ ಪಕ್ಕದಲ್ಲಿ ಒಂದು ಹ್ಯಾಶ್, ಅಂದರೆ ತಾಳೆ ನೋಡುವ ಗುರುತು, ಇರುತ್ತದೆ, ಅದು ತಾಳೆಯಾಗದಿದ್ದರೆ ವಿಂಡೋಸ್ ನಿಮ್ಮ ಬದಲಾವಣೆಯನ್ನು ಅಳಿಸಿ ಮೊದಲಿನದನ್ನೇ ತರುತ್ತದೆ.

ಆಂಡ್ರಾಯ್ಡಿನಲ್ಲಿ ಮೊದಲು ಸೆಟ್ಟಿಂಗ್ಸ್, ಆಪ್ಸ್, ಡಿಫಾಲ್ಟ್ ಆಪ್ಸ್, ಬ್ರೌಸರ್ ಆಪ್ ಬದಲಿಸಿ. ಆಮೇಲೆ ಕ್ರೋಮ್ ಬೇಡವೆಂದರೆ ಅದರ ಆಪ್ ಇನ್ಫೋ ಪುಟದಲ್ಲಿ ‘ಡಿಸೇಬಲ್’ ಒತ್ತಬಹುದು. ಮೊದಲೇ ಹಾಕಿ ಬಂದ ಕ್ರೋಮ್ ಸಾಮಾನ್ಯವಾಗಿ ಓದಲು ಮಾತ್ರ ಬರುವ ಸಿಸ್ಟಂ ವಿಭಾಗದಲ್ಲಿರುತ್ತದೆ, ಹಾಗಾಗಿ ಅಳಿಸಲಾಗುವುದಿಲ್ಲ. ಡಿಸೇಬಲ್ ಮಾಡಿದರೆ ಐಕಾನ್ ಹೋಗುತ್ತದೆ, ಹಿನ್ನೆಲೆಯಲ್ಲಿ ಓಡುವುದು ನಿಲ್ಲುತ್ತದೆ, ಅದು ಹಿಡಿದ ಮೂಲ ಜಾಗ ಮಾತ್ರ ವಾಪಸ್ ಸಿಗುವುದಿಲ್ಲ. ಬೇರೆ ಆಪ್‌ಗಳ ಒಳಗೆ ಪುಟ ತೋರಿಸುವ ವೆಬ್‌ವ್ಯೂ ನಿಂತುಹೋಗುತ್ತದೆಂಬ ಭಯ ಬೇಡ. ಆಂಡ್ರಾಯ್ಡ್ 7ರಿಂದ 9ರವರೆಗೆ ಆ ಕೆಲಸವನ್ನು ಕ್ರೋಮ್ ಮಾಡುತ್ತಿತ್ತು, ಆದರೆ ಕ್ರೋಮ್ ಡಿಸೇಬಲ್ ಆದ ಕೂಡಲೇ ಬಿಡಿ ವೆಬ್‌ವ್ಯೂ ಪ್ಯಾಕೇಜು ಅದನ್ನು ವಹಿಸಿಕೊಳ್ಳುತ್ತಿತ್ತು. ಆಂಡ್ರಾಯ್ಡ್ 10ರಿಂದ ಈಚೆಗೆ ಎರಡೂ ಬೇರೆಬೇರೆ ಪ್ಯಾಕೇಜುಗಳೇ. ವೆಬ್‌ವ್ಯೂ ಅನ್ನು ಮಾತ್ರ ಡಿಸೇಬಲ್ ಮಾಡಬೇಡಿ, ಬ್ಯಾಂಕಿನ ಆಪ್ ಸೇರಿದಂತೆ ಹಲವು ತೆರೆಯದೆ ಹೋಗಬಹುದು.